ವಾಕ್ಯ ಬಿಡಿಸುವ ಎರಡು ಕೈ

ಬೆಳಗಿನ ಐದೂಕಾಲು. ಆಸ್ಪತ್ರೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕಟ್ಟಡವಿದೆ. ಅದರೊಳಗೆ ಹಬೆ ತುಂಬಿಕೊಂಡು, ಸೊಂಟದಿಂದ ಮೇಲೆ ಯಾರೂ ಕಾಣುತ್ತಿಲ್ಲ. ಕೆಳಗೆ ರಬ್ಬರ್ ಚಪ್ಪಲಿಗಳು ಮಾತ್ರ ಓಡಾಡುತ್ತಿವೆ. ಚಪ್ಪಲಿ ನೋಡಿಯೇ ಬಂದವರು ಯಾರೆಂದು ತಿಳಿದುಕೊಳ್ಳಬೇಕು. ಆ ಮಬ್ಬಿನೊಳಗಿಂದ ಮೊದಲು ಒಂದು ಬಿಳಿ ಬೆಡ್‌ಶೀಟು ತೇಲಿ ಬರುತ್ತದೆ, ಹಿಂದೆಯೇ ಅದರ ಎರಡು ತುದಿ ಹಿಡಿದ ಎರಡು ಕೈ, ಕೊನೆಗೆ ಒಬ್ಬ ಹೆಂಗಸು. ಶೀಟು ಒಮ್ಮೆ ಉಸಿರೆಳೆದಂತೆ ಉಬ್ಬಿ, ಎರಡಾಗಿ, ನಾಲ್ಕಾಗಿ, ಎಂಟಾಗಿ ಮೇಜಿನ ಮೇಲೆ ಕೂರುತ್ತದೆ.

ಮುಂದಿನ ಶೀಟು ಯಂತ್ರದಿಂದ ಹೊರಬರಲು ಏಳೆಂಟು ಸೆಕೆಂಡು ಬೇಕು. ಆ ಬಿಡುವಿನಲ್ಲಿ ಕೈಗಳು ಬೇರೆ ಕೆಲಸಕ್ಕೆ ಇಳಿಯುತ್ತವೆ. ಬಲಗೈ ಮುಷ್ಟಿಯಾಗಿ ಎಡ ಅಂಗೈಯ ಮೇಲೆ ಭಾರವಾಗಿ ಕೂರುತ್ತದೆ. ಎಡಗೈ ತಗ್ಗುತ್ತದೆ, ನಡುಗುತ್ತದೆ, ಆದರೆ ಬೀಳುವುದಿಲ್ಲ. ಇಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಆ ಹೆಂಗಸು ತಲೆಯಾಡಿಸುತ್ತಾರೆ, ಸರಿಬರಲಿಲ್ಲ ಎಂಬಂತೆ. ಇನ್ನೊಂದು ಶೀಟು ಬರುತ್ತದೆ. ಮಡಿಸಿದ ಮೇಲೆ ಮತ್ತೆ ಅದೇ ಭಾರ, ಈ ಸಲ ಇನ್ನೂ ನಿಧಾನ.

"ತಾಳ್ಮೆ ಬರ್ತಿಲ್ಲ ನೋಡಿ," ಎನ್ನುತ್ತಾರೆ. "ಕಷ್ಟ ತಾಳ್ಮೆ ಹುಟ್ಟಿಸುತ್ತೆ ಅಂತ ಪುಸ್ತಕದಲ್ಲಿದೆ. ಬಾಯಲ್ಲಾದ್ರೆ ಮೂರೇ ಪದ, ಹೇಳಿ ಮುಗಿಸಬಹುದು. ಕೈಲಿ ಹೇಳೋಕೆ ಹೋದ್ರೆ ಯಾರು ಹೊತ್ಕೊಂಡಿದಾರೆ, ಎಷ್ಟು ದಿನದಿಂದ ಹೊತ್ಕೊಂಡಿದಾರೆ ಅಂತ ತೋರಿಸ್ಬೇಕಾಗುತ್ತೆ. ಅಲ್ಲಿಗೆ ಬಂದಾಗ ಕೈ ಸುಳ್ಳು ಹೇಳೋಕಾಗಲ್ಲ."

ಐವತ್ತೆರಡು ವರ್ಷದ ಈ ಅಕ್ಕ ವಾರಕ್ಕೆ ಆರು ದಿನ ಆಸ್ಪತ್ರೆಯ ಬಟ್ಟೆ ಮಡಿಸುತ್ತಾರೆ. ದಿನಕ್ಕೆ ಸುಮಾರು ಆರುನೂರು ಬೆಡ್‌ಶೀಟು, ಮುನ್ನೂರು ದಿಂಬಿನ ಚೀಲ, ಲೆಕ್ಕವಿಡದಷ್ಟು ಟವೆಲು. ಏಳನೆಯ ದಿನ ಅವರು ಚರ್ಚಿನಲ್ಲಿ ಉಪದೇಶ ಮಾಡುವ ಪ್ರಸಂಗವೇದಿಯ ಪಕ್ಕದ ಕಂಬದ ಹತ್ತಿರ ನಿಂತು, ಪಾಸ್ಟರ್ ಓದುವ ಬೈಬಲಿನ ವಾಕ್ಯಗಳನ್ನು ಹನ್ನೆರಡು ಮಂದಿ ಕಿವುಡರಿಗೆ ಸನ್ನೆಯಲ್ಲಿ ಬಿಡಿಸಿ ಹೇಳುತ್ತಾರೆ. ಇಪ್ಪತ್ತಮೂರು ವರ್ಷದಿಂದ ಹೇಳುತ್ತಿದ್ದಾರೆ. ಚರ್ಚಿನ ವರದಿ ಪುಸ್ತಕದಲ್ಲಿ ಹೂವಿನ ವ್ಯವಸ್ಥೆ ಮಾಡುವವರ ಹೆಸರಿದೆ, ಇವರದಿಲ್ಲ. "ಹೂವು ಕಾಣುತ್ತಲ್ಲ," ಎಂದು ನಗುತ್ತಾರೆ. "ಕಿವುಡರು ಅಂತಲೇ ಬರೀರಿ. ಬೇರೆ ನಯವಾದ ಪದ ಹುಡುಕ್ಬೇಡಿ. ಅವ್ರೇ ಹಾಗೆ ಹೇಳ್ಕೊಳ್ಳೋದು."

ಅಕ್ಕನ ತಾಯಿ ಕಿವುಡ ಮಕ್ಕಳ ಶಾಲೆಯಲ್ಲಿ ಅಡುಗೆಯವರಾಗಿದ್ದರು. ಮಗಳನ್ನು ಮನೆಯಲ್ಲಿ ಬಿಟ್ಟು ಬರಲಾಗದೆ ಜೊತೆಗೇ ಕರೆತರುತ್ತಿದ್ದರು. ಅರವತ್ತು ಮಕ್ಕಳ ನಡುವೆ ಕಿವಿ ಕೇಳುವ ಹುಡುಗಿ ಒಬ್ಬಳೇ, ಹಾಗಾಗಿ ಆಟದಲ್ಲಿ ಸೋಲುತ್ತಿದ್ದವಳೂ ಅವಳೇ. "ಅವ್ರು ನನ್ನ ಬೆನ್ನ ಹಿಂದೆ ಕೈಯಲ್ಲಿ ಪಿತೂರಿ ಮಾಡ್ತಿದ್ರು. ಹೊಟ್ಟೆ ಉರಿದು ಕಲ್ತೆ. ಮಾತು ಅಮ್ಮ ಕಲಿಸಿದ್ಲು, ಕೈ ಆ ಪಾಪಿಗಳು ಕಲಿಸಿದ್ರು. ಮೌನ ಬಂಗಾರ ಅಂತ ಗಾದೆ ಮಾಡಿದೋರು ಕಿವುಡರ ಶಾಲೆ ನೋಡಿರ್ಲಿಲ್ಲ ಅನ್ಸುತ್ತೆ. ಅಷ್ಟು ಗಲಾಟೆ ನಾನೆಲ್ಲೂ ಕಂಡಿಲ್ಲ."

ಅಕ್ಕನ ಗಂಡ ಬಸ್ಸಿನ ಚಾಲಕ. ಅವರ ದೂರು ಬೇರೆ. "ಭಾನುವಾರ ಹತ್ರ ಬಂದ ಹಾಗೆ ಇವಳು ನಿದ್ದೆಯಲ್ಲೂ ಕೈಯಲ್ಲಿ ಪ್ರಸಂಗ ಶುರು ಮಾಡ್ತಾಳೆ. ಒಂದಿನ ಪ್ರವಾದಿಯ ಕೋಪ ಬಂದು ನನ್ನ ಮೂಗಿಗೆ ಬಿತ್ತು." ಅಕ್ಕ ಪಾತ್ರೆ ಒರೆಸುತ್ತಲೇ, "ದೇವರ ವಾಕ್ಯ ಕಿವಿಗೆ ಹೋಗದವರಿಗೆ ಮೂಗಿಗಾದ್ರೂ ಹೋಗ್ಲಿ," ಎನ್ನುತ್ತಾರೆ.

ಕೆಲಸದ ಕ್ರಮ ಹೀಗಿದೆ. ಗುರುವಾರ ಪಾಸ್ಟರ್ ಒಂದು ಚೀಟಿಯಲ್ಲಿ ಆ ವಾರದ ವಾಕ್ಯವನ್ನು ಬರೆದು ಕೊಡುತ್ತಾರೆ. ಅಕ್ಕ ಅದನ್ನು ಮಡಿಸುವ ಮೇಜಿನ ಅಂಚಿಗೆ ಅಂಟಿಸುತ್ತಾರೆ. ಮೂರು ದಿನ ಹಬೆ ಕುಡಿದು ಅಕ್ಷರ ಹರಡಿಕೊಳ್ಳುವ ಹೊತ್ತಿಗೆ ವಾಕ್ಯ ಕೈಗೆ ಬಂದಿರಬೇಕು. ಪದಕ್ಕೆ ಪದ ಇಡುವುದು ಅವರ ಪದ್ಧತಿಯಲ್ಲ. ಈ ಮಾತು ಯಾರು ಯಾರಿಗೆ ಹೇಳಿದ್ದು, ಹೇಳುವಾಗ ನಿಂತಿದ್ದರೋ ಕೂತಿದ್ದರೋ, ಕೇಳಿದವರ ಹೊಟ್ಟೆಯಲ್ಲಿ ಏನಿತ್ತು ಎಂದು ಮೊದಲು ಯೋಚಿಸುತ್ತಾರೆ. ಆಮೇಲೆ ಅವರನ್ನೆಲ್ಲ ಗಾಳಿಯಲ್ಲಿ ಒಂದೊಂದು ಕಡೆ ನಿಲ್ಲಿಸುತ್ತಾರೆ. ಸನ್ನೆಯಲ್ಲಿ ಒಬ್ಬರನ್ನು ಒಮ್ಮೆ ಎಡಗಡೆ ನಿಲ್ಲಿಸಿದರೆ ಕಥೆ ಮುಗಿಯುವವರೆಗೂ ಅವರು ಅಲ್ಲೇ ಇರುತ್ತಾರೆ. ದೇವರನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದರೆ ತಮ್ಮ ಬಲ ಭುಜದ ಪಕ್ಕ ತೋರಿಸುತ್ತಾರೆ. "ಮೊದ್ಲು ಮೇಲೇ ಇಟ್ಟಿದ್ದೆ. ನಲವತ್ತು ನಿಮಿಷ ಕೈ ಎತ್ತಿ ಎತ್ತಿ ರಟ್ಟೆ ಬಿದ್ದುಹೋಯ್ತು. ಭುಜದ ಹತ್ರ ಇಳಿಸಿದ ಮೇಲೆ ಅರ್ಥವೂ ಚೆನ್ನಾಗಿ ಬಂತು."

ನಂಬಿಕೆ ಎಂಬ ಪದಕ್ಕೆ ಅವರು ಮೊದಲು ಎದೆಯ ಮೇಲೆ ಕೈ ಇಡುತ್ತಿದ್ದರಂತೆ. ಮುಂದಿನ ಬೆಂಚಿನಲ್ಲಿ ಕೂರುವ ಬಡಗಿ, ಅದು ನಂಬಿಕೆಯಲ್ಲ, ಹೊಟ್ಟೆ ತುಂಬಿದವನ ತೇಗು ಎಂದು ಕೈಯಲ್ಲೇ ಛೇಡಿಸಿದ್ದರು. ಎದ್ದು ಬಂದು ತಾವೇ ತೋರಿಸಿಕೊಟ್ಟಿದ್ದರು. ಒಂದು ಕೈಯ ಎರಡು ಬೆರಳು ಕಾಲಾಗಿ, ಕಾಣದ ಏಣಿಯನ್ನು ಹತ್ತುತ್ತವೆ. ಇನ್ನೊಂದು ಕೈ ಕೆಳಗೆ ಏಣಿಯನ್ನು ಹಿಡಿದಿರುತ್ತದೆ. ಹತ್ತುವವನ ಮುಖ ಮೇಲಕ್ಕೇ ಇರುತ್ತದೆ. ಕೆಳಗೆ ಹಿಡಿದವರು ಇದ್ದಾರೋ ಇಲ್ಲವೋ ಎಂದು ಅವನು ಬಗ್ಗಿ ನೋಡುವುದಿಲ್ಲ. ಅಂದಿನಿಂದ ಆ ಚರ್ಚಿನ ಕಿವುಡರ ಬೆಂಚಿನಲ್ಲಿ ನಂಬಿಕೆ ಎಂದರೆ ಆ ಏಣಿಯೇ.

ಈ ಬಡಗಿಯನ್ನು ಗೆಳೆಯರು ಕರೆಯುವುದು ಕಿವಿಯ ಹಿಂದೆ ಬೆರಳು ಸಿಕ್ಕಿಸಿ ತೋರಿಸುವ ಸನ್ನೆಯಿಂದ. ಅಲ್ಲಿ ಸದಾ ಒಂದು ಪೆನ್ಸಿಲು ಇರುತ್ತದೆ. ಕೇಳದ ಕಿವಿಗೆ ಏನಾದರೂ ಕೆಲಸ ಕೊಡಬೇಕಲ್ಲ ಎನ್ನುವುದು ಅವರದೇ ತಮಾಷೆ. ಅವರ ಏಣಿ ಹಿಡಿಯುತ್ತಿದ್ದವರು ಹೆಂಡತಿ. ಆಕೆಯೂ ಕಿವುಡಿ, ಮಹಾ ಮಾತುಗಾತಿ. ಎರಡೂವರೆ ತಿಂಗಳ ಹಿಂದೆ ಇದೇ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದು ತೀರಿಕೊಂಡರು. "ಯಾವ ಶೀಟಿನ ಮೇಲೆ ಯಾರು ಮಲಗಿದ್ರು ಅಂತ ನಮಗೆ ಗೊತ್ತಾಗಲ್ಲ," ಎನ್ನುತ್ತಾರೆ ಅಕ್ಕ. "ಅದಕ್ಕೇ ಎಲ್ಲಾನೂ ಒಂದೇ ಥರ ಮಡಿಸೋದು."

ಕೈಯಲ್ಲಿ ವಾಕ್ಯ ಹೇಳುವವರಿಗೆ ಒಂದು ನಿಯಮವಿದೆ. ಪಾಸ್ಟರ್ 'ನಾನು' ಎಂದರೆ ಇವರ ಕೈಯೂ 'ನಾನು' ಎನ್ನಬೇಕು. ಕಿವುಡರು ಕೈಯಲ್ಲಿ 'ನಾನು' ಎಂದರೆ ಇವರ ಬಾಯಿಯೂ 'ನಾನು' ಎನ್ನಬೇಕು. 'ಅವರು ಹೀಗೆ ಹೇಳುತ್ತಿದ್ದಾರೆ' ಎನ್ನುವಂತಿಲ್ಲ. ಒಮ್ಮೆ ಹೊಸಬರ ಎದುರು ಅಕ್ಕ ಗಂಭೀರವಾಗಿ, "ನಾನು ಮೀಸೆ ಬೋಳಿಸಿದ ಮೇಲೆ ನನ್ನ ಮಗುವೇ ನನ್ನ ಗುರುತು ಹಿಡಿಯಲಿಲ್ಲ," ಎಂದಾಗ ಹಿಂದಿನ ಸಾಲು ಬೆಚ್ಚಿಬಿದ್ದಿತ್ತಂತೆ. ಎರಡೂ ಕಡೆಯ ಮಾತು ದಾಟಬೇಕು, ಇಷ್ಟವಾದ ಮಾತೂ ಇಷ್ಟವಾಗದ್ದೂ ಎರಡೂ ದಾಟಬೇಕು. ನಂಬಿಕೆ ಬರುವುದು ಕೇಳುವುದರಿಂದ ಎಂಬ ವಾಕ್ಯ ಬಂದ ದಿನ ಕಿವುಡರ ಬೆಂಚಿನ ನಿವೃತ್ತ ಟೈಪಿಸ್ಟ್ ಒಬ್ಬರು ಕೈಯಲ್ಲಿ ಒಂದು ಮಾತು ಕೇಳಿದ್ದರು. ಅಕ್ಕ ಅದನ್ನು ಜೋರಾಗಿಯೇ ಹೇಳಿದ್ದರು: "ಹಾಗಾದ್ರೆ ನಾವು ಮನೆಗೆ ಹೋಗ್ಬಹುದಾ?" ಇಡೀ ಸಭೆ ನಕ್ಕಿತ್ತು. ಪಾಸ್ಟರ್ ಕೂಡ. ಆಮೇಲೆ ಅಕ್ಕ ಆ ವಾಕ್ಯವನ್ನು ಕೈಯಲ್ಲಿ ತಿದ್ದಿ ಹೇಳಿದರು: ಯಾರೋ ನಿಮ್ಮ ಕಡೆಗೆ ತಿರುಗಿ ನಿಂತು ಹೇಳಿದಾಗ ನಂಬಿಕೆ ಬರುತ್ತದೆ. ಟೈಪಿಸ್ಟ್ ಒಪ್ಪಿದರು. ಬೆನ್ನು ತೋರಿಸಿದವರನ್ನು ಕಿವುಡರು ನಂಬುವುದು ಹೇಗೆ?

ಇಂಥ ಅಕ್ಕ ಒಂದು ದಿನ ಒಂದು ಮಾತನ್ನು ದಾಟಿಸಲಿಲ್ಲ.

ಆ ಭಾನುವಾರ ಓದಿದ್ದು, ನಾನಾ ಕಷ್ಟಗಳು ಬಂದಾಗ ಅದನ್ನು ಸಂತೋಷವೆಂದು ಎಣಿಸಿರಿ ಎನ್ನುವ ವಾಕ್ಯ. ಹೆಂಡತಿ ಸತ್ತ ಮೇಲೆ ಬಡಗಿ ಮೊದಲ ಸಲ ಚರ್ಚಿಗೆ ಬಂದಿದ್ದರು. ಅಕ್ಕ ಚೆನ್ನಾಗಿ ತಯಾರಾಗಿದ್ದರು. ಸಂತೋಷಕ್ಕೆ ಎರಡೂ ಕೈ ಎದೆಯಿಂದ ಅರಳಿ ಮೇಲೆದ್ದವು, ಜೊತೆಗೆ ಮುಖವೂ ಅರಳಿತು. ಬಡಗಿ ಎದ್ದು ನಿಂತರು. ಅವರ ಕೈ ಒಂದು ಪ್ರಶ್ನೆ ಕೇಳಿತು. ಪಾಸ್ಟರ್ ಪುಸ್ತಕದಲ್ಲಿ ಮುಳುಗಿದ್ದರು, ಸಭೆಗೆ ಸನ್ನೆ ತಿಳಿಯದು. ಪ್ರಶ್ನೆ ಅರ್ಥವಾದದ್ದು ಹನ್ನೊಂದು ಮಂದಿ ಕಿವುಡರಿಗೆ ಮತ್ತು ಅಕ್ಕನಿಗೆ. ಅಕ್ಕ ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಮುಂದಿನ ವಾಕ್ಯವನ್ನು ಕೈಯಲ್ಲಿ ಶುರು ಮಾಡಿದರು. ಬಡಗಿ ಒಂದು ಗಳಿಗೆ ನಿಂತಿದ್ದು, ಬೆಂಚುಗಳ ನಡುವೆ ನಡೆದು ಹೊರಗೆ ಹೋದರು. ನೀರಿಗೋ ಗಾಳಿಗೋ ಎದ್ದುಹೋದರು ಎಂದು ಉಳಿದವರು ತಿಳಿದರು.

"ಹೆದರಿಕೆ," ಎನ್ನುತ್ತಾರೆ ಅಕ್ಕ, ಸುತ್ತಿಬಳಸದೆ. "ಈ ಕೈ ಆಡಿಸೋದ್ರಿಂದ ಪ್ರಾರ್ಥನೆಗೆ ಏಕಾಗ್ರತೆ ಹೋಗುತ್ತೆ ಅಂತ ಸಭೆಯ ಹಿರಿಯರು ನನ್ನನ್ನ ವೇದಿ ಮುಂದಿನಿಂದ ಕಂಬದ ಹತ್ರ ಸರಿಸಿದ್ರು. ಆ ಮಾತು ಎಲ್ಲರ ಮುಂದೆ ಹೇಳಿದ್ರೆ ಕಂಬವೂ ಹೋಗುತ್ತೆ ಅನ್ನಿಸ್ತು. ಈ ಊರಲ್ಲಿ ಇದನ್ನ ಮಾಡೋಕೆ ಇನ್ನೊಬ್ರಿಲ್ಲ. ಹನ್ನೆರಡು ಜನ ಗೋಡೆ ನೋಡ್ಕೊಂಡು ಕೂರ್ಬೇಕಾಗುತ್ತೆ. ಒಬ್ಬನ ಮಾತು ನುಂಗಿದ್ರೆ ಹನ್ನೊಂದು ಜನಕ್ಕೆ ಉಳಿಯುತ್ತೆ ಅಂತ ಲೆಕ್ಕ ಹಾಕ್ದೆ. ಬುದ್ಧಿವಂತಿಕೆ ನೋಡಿ! ನುಂಗಿದ್ದು ಗಂಟಲಲ್ಲೇ ಕೂತ್ಕೊಳ್ತು."

ತಪ್ಪು ಒಪ್ಪಿಕೊಳ್ಳಲು ಅಕ್ಕ ಮೂರು ಸಲ ಬಡಗಿಯ ಅಂಗಡಿಗೆ ಹೋದರು. ಕಿಟಕಿ ಚೌಕಟ್ಟುಗಳು ಗೋಡೆಗೆ ಒರಗಿ ನಿಂತ ಉದ್ದನೆಯ ಕೋಣೆ ಅದು. ಬಿಸಿಲ ಕೋಲಿನಲ್ಲಿ ಮರದ ಹೊಟ್ಟು ಆತುರವಿಲ್ಲದೆ ತೇಲುತ್ತಿರುತ್ತದೆ. ಮೊದಲೆಲ್ಲ ಇಲ್ಲಿ ಇಬ್ಬರ ನಾಲ್ಕು ಕೈ ದಿನವಿಡೀ ಹರಟುತ್ತಿದ್ದವು. ಈಗ ಎರಡು ಕೈ ಮರ ಉಜ್ಜುತ್ತವೆ, ಅಷ್ಟೇ. ಅಕ್ಕ ಎದುರಿಗೆ ನಿಂತು ಕೈ ಎತ್ತಿದ ಕೂಡಲೇ ಬಡಗಿ ಕಣ್ಣು ಮುಚ್ಚಿದರು. ಕಿವುಡರ ನಡುವೆ ಇದಕ್ಕಿಂತ ದೊಡ್ಡ ಬಾಗಿಲಿಲ್ಲ, ಇದಕ್ಕಿಂತ ಗಟ್ಟಿಯಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡೇ ಅವರ ಕೈ ಮಾತಾಡಿತು: "ನನ್ನ ಹತ್ರ ಅಲ್ಲ. ಅಲ್ಲಿ ಹೇಳು."

ಮಡಿಸುವ ಮೇಜಿನ ಹತ್ತಿರ ನಿಂತು ಅಕ್ಕ ಇದನ್ನೆಲ್ಲ ಹೇಳುವಾಗ ಹಬೆ ತಿಳಿಯಾಗತೊಡಗಿದೆ. ಎತ್ತರದ ಕಿಟಕಿಯಿಂದ ಬಂದ ಬೆಳಕು ಬಟ್ಟೆಯ ಗುಡ್ಡಗಳ ಮೇಲೆ ಹಾಲಿನಂತೆ ಇಳಿಯುತ್ತದೆ. ಯಂತ್ರಗಳ ಅಬ್ಬರದಲ್ಲಿ ಇಲ್ಲಿ ಕಿವಿಯ ಹತ್ತಿರ ಬಂದು ಹೇಳಿದ್ದಲ್ಲದೆ ಬೇರೇನೂ ಕೇಳಿಸುವುದಿಲ್ಲ. ಹಾಗಾಗಿ ಒಗೆಯುವ ಹೆಂಗಸರೆಲ್ಲ ಅಕ್ಕನಿಂದ ಇಪ್ಪತ್ತು ಮೂವತ್ತು ಸನ್ನೆ ಕಲಿತಿದ್ದಾರೆ. ಆ ಕೊನೆಯಿಂದ ಒಬ್ಬಾಕೆ ಮೇಲ್ವಿಚಾರಕ ಬಂದ ಎಂದು ಮೂಗು ಮುಚ್ಚಿ ತೋರಿಸುತ್ತಾಳೆ. ಅಕ್ಕ ನಗು ತಡೆದುಕೊಂಡು ಶೀಟು ಎತ್ತಿಕೊಳ್ಳುತ್ತಾರೆ.

"ಆ ವಾಕ್ಯ ಸುಳ್ಳಲ್ಲ," ಎನ್ನುತ್ತಾರೆ ಅದನ್ನು ಮಡಿಸಿಟ್ಟು. "ಬರೆದೋನು ತಾನೂ ಏಟು ತಿಂದೋನು, ತನ್ನ ಥರಾನೇ ಏಟು ತಿಂದೋರ ಜೊತೆ ಕೂತು ಬರೆದದ್ದು. ಪಕ್ಕದಲ್ಲಿ ಕೂತು ಹೇಳಿದ್ರೆ ಅದು ಸಮಾಧಾನ. ದೂರ ನಿಂತು ನಗುಮುಖ ಮಾಡ್ಕೊಂಡು ಹೇಳಿದ್ರೆ ಬೈಗುಳ. ನಾನು ಕಂಬದ ಹತ್ರ ನಿಂತು ಹೇಳ್ದೆ. ಬೈಬಲಲ್ಲೇ ಇನ್ನೊಂದು ಕಥೆ ಇದೆಯಲ್ಲ, ಮಕ್ಕಳು ಮರಿ ಎಲ್ಲ ಕಳ್ಕೊಂಡು ಬೂದಿಯಲ್ಲಿ ಕೂತೋನದು. ಅವನ ಗೆಳೆಯರು ಬಂದು ಏಳು ದಿನ ಬಾಯಿ ಬಿಡದೆ ಜೊತೆಗೆ ಕೂತ್ರು. ಬಾಯಿ ಬಿಡೋವರೆಗೂ ಅವ್ರು ಒಳ್ಳೆ ಗೆಳೆಯರೇ."

ಈ ವಾರದ ಚೀಟಿಯಲ್ಲಿರುವುದೂ ಕಷ್ಟದ ವಾಕ್ಯವೇ. ಕಷ್ಟ ತಾಳ್ಮೆಯನ್ನು ಹುಟ್ಟಿಸುತ್ತದೆ, ತಾಳ್ಮೆ ಪಳಗಿದ ಮನಸ್ಸನ್ನು, ಅದು ನಿರೀಕ್ಷೆಯನ್ನು. ಬಡಗಿ ಚರ್ಚಿನಿಂದ ಎದ್ದುಹೋಗಿ ಏಳು ವಾರವಾಗಿದೆ. ಶನಿವಾರ ಕೆಲಸ ಮುಗಿಸಿ ಏಪ್ರನ್ ಬಿಚ್ಚುವಾಗ ಅಕ್ಕ, "ನಾಳೆ ಬನ್ನಿ," ಎಂದಷ್ಟೇ ಹೇಳುತ್ತಾರೆ. "ಕಂಬ ಇದ್ದಾಗ್ಲೇ ನೋಡಿಬಿಡಿ."

ಭಾನುವಾರ ಬೆಳಗ್ಗೆ ಚರ್ಚಿನ ಒಳಗೆ ಮೇಣದ ವಾಸನೆ, ಹಳೆಯ ಮರದ ವಾಸನೆ. ಎಡಗಡೆಯ ಮೊದಲ ಎರಡು ಬೆಂಚಿನಲ್ಲಿ ಹನ್ನೊಂದು ಜನ ಇದ್ದಾರೆ. ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗವನ್ನು ಅವರು ಬಿಟ್ಟಿದ್ದಾರೆ. ಪಾಸ್ಟರ್ ಓದಲು ಶುರು ಮಾಡುತ್ತಾರೆ. ಅಕ್ಕನ ಬಲಗೈ ಮುಷ್ಟಿಯಾಗಿ ಎಡ ಅಂಗೈಯ ಮೇಲೆ ಕೂರುತ್ತದೆ, ಎಡಗೈ ತಗ್ಗುತ್ತದೆ. ಅಷ್ಟಕ್ಕೇ ಎರಡೂ ನಿಲ್ಲುತ್ತವೆ. ಅಕ್ಕ ಕಂಬ ಬಿಟ್ಟು ನಾಲ್ಕು ಹೆಜ್ಜೆ ನಡೆದು ವೇದಿಯ ಮುಂದೆ ನಿಲ್ಲುತ್ತಾರೆ. ಪಾಸ್ಟರ್ ಓದುವುದನ್ನು ನಿಲ್ಲಿಸಿ, ಏನೋ ಅನಾರೋಗ್ಯವೆಂದು ಭಾವಿಸಿ, "ಏನಮ್ಮ? ನೀರು ಬೇಕಾ?" ಎನ್ನುತ್ತಾರೆ.

"ಏಳು ವಾರದ ಹಿಂದೆ ಇಲ್ಲಿ ಒಬ್ರು ಎದ್ದು ನಿಂತು ಒಂದು ಮಾತು ಕೇಳಿದ್ರು ಅಯ್ಯನವರೇ. ನಾನು ಹೇಳ್ಲಿಲ್ಲ. ನನ್ನ ತಪ್ಪು. ಈಗ ಹೇಳ್ತೀನಿ, ಮಾತು ಅವರದು."

ಅಕ್ಕನ ಬಾಯಿ ಸಭೆಯ ಕಡೆಗೆ, ಕೈ ಬೆಂಚಿನ ಕಡೆಗೆ, ಎರಡೂ ಒಟ್ಟಿಗೆ ಮಾತಾಡುತ್ತವೆ.

"ನನ್ನ ಹೆಂಡತಿ ಸತ್ತು ಇಪ್ಪತ್ತಾರು ದಿನ. ಅದನ್ನ ಸಂತೋಷ ಅಂತ ಎಣಿಸು ಅಂತೀರಿ. ನನಗೆ ಎಣಿಸೋಕೆ ಬರ್ತಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಬಂದ್ರೆ ಎಣಿಸಿ ತೋರ್ಸಿ. ನಾನು ನೋಡ್ಕೊಂಡು ಕಲೀತೀನಿ."

ಗಂಡಸಿನ ಮಾತನ್ನು ಹೆಂಗಸಿನ ದನಿಯಲ್ಲಿ ಕೇಳಿ ಯಾರೂ ನಗುವುದಿಲ್ಲ. ಬಲಗಡೆಯ ಸಾಲಿನಲ್ಲಿ ಸಭೆಯ ಹಿರಿಯರು ಅರ್ಧ ಏಳುತ್ತಾರೆ, ಏಳಲೋ ಕೂರಲೋ ತಿಳಿಯದೆ ಹಾಗೇ ಬಗ್ಗಿಕೊಂಡಿರುತ್ತಾರೆ. ಬಣ್ಣದ ಗಾಜಿನಿಂದ ಬಿದ್ದ ಕೆಂಪು ಬೆಳಕಿನ ತುಂಡೊಂದು ನೆಲದ ಮೇಲೆ ನಿಧಾನವಾಗಿ ಸರಿಯುತ್ತದೆ. ಪಾಸ್ಟರ್ ಕನ್ನಡಕ ತೆಗೆದು ಪುಸ್ತಕದ ಮೇಲಿಡುತ್ತಾರೆ. ವೇದಿಯಿಂದ ಇಳಿದು ಬಂದು, ಮೆಟ್ಟಿಲ ಮೇಲೆ ಕೂರುತ್ತಾರೆ.

"ನನಗೂ ಗೊತ್ತಿಲ್ಲ," ಎನ್ನುತ್ತಾರೆ. "ಓದ್ತೀನಿ ಅಷ್ಟೇ. ನನ್ನ ತಮ್ಮ ಹೋದಾಗ ನನಗೂ ಎಣಿಸೋಕೆ ಬಂದಿರ್ಲಿಲ್ಲ."

ಅಕ್ಕನ ಕೈ ಅದನ್ನೂ ಹೇಳುತ್ತದೆ, 'ನಾನು' ಎಂದೇ. ಕಿವುಡರ ಬೆಂಚಿನಲ್ಲಿ ಟೈಪಿಸ್ಟ್ ಎದ್ದು ನಿಲ್ಲುತ್ತಾರೆ. ಅವರ ಕೈ ಚಿಕ್ಕದಾಗಿ ಆಡುತ್ತದೆ. ಅಕ್ಕನ ಬಾಯಿ ಹೇಳುತ್ತದೆ: "ನನ್ನ ಮಗಳು ಹೋಗಿ ಇಪ್ಪತ್ತು ವರ್ಷ. ನಾನು ಇನ್ನೂ ಒಂದರಲ್ಲೇ ಇದ್ದೀನಿ." ಹಿಂದಿನ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡು, ಕೇಳುವ ಕಿವಿಯವರೇ ಒಬ್ಬರು, ತಮ್ಮ ಮಾತನ್ನೂ ಹೇಳುತ್ತಾರೆ. ಇನ್ನೊಬ್ಬರು ಹೇಳುತ್ತಾರೆ. ಅಂದು ಪ್ರಸಂಗ ನಡೆಯುವುದಿಲ್ಲ. ಕಷ್ಟ, ತಾಳ್ಮೆ, ನಿರೀಕ್ಷೆಯ ವಾಕ್ಯವನ್ನು ಪಾಸ್ಟರ್ ಕೊನೆಯಲ್ಲಿ ಒಮ್ಮೆ, ಮೆಟ್ಟಿಲ ಮೇಲೆ ಕೂತೇ ಓದುತ್ತಾರೆ. ಅಕ್ಕ ಅವರ ಪಕ್ಕದಲ್ಲಿ ಕೂತು ಅದನ್ನು ಕೈಯಲ್ಲಿ ಹೇಳುತ್ತಾರೆ. ತಾಳ್ಮೆಯ ಭಾರಕ್ಕೆ ಎಡಗೈ ಮೊಣಕಾಲವರೆಗೂ ಇಳಿದುಹೋಗುತ್ತದೆ, ಅಲ್ಲಿ ನಿಲ್ಲುತ್ತದೆ.

ಬಾಗಿಲ ಹತ್ತಿರ ಹಿರಿಯರು ಅಕ್ಕನನ್ನು ತಡೆಯುತ್ತಾರೆ. "ಇಂಥದ್ದಿದ್ರೆ ಮೊದ್ಲೇ ಒಂದು ಮಾತು ಹೇಳ್ಬೇಕಮ್ಮ."

"ಮೊದ್ಲೇ ಹೇಳಿದ್ರೆ ಬೇಡ ಅಂತಿದ್ರಲ್ಲಣ್ಣ."

ಹಿರಿಯರು "ಅಂತಿದ್ದೆ," ಎಂದು ಒಪ್ಪಿಕೊಂಡು ಛತ್ರಿ ಹುಡುಕಲು ಹೋಗುತ್ತಾರೆ. ಕಂಬದ ವಿಷಯ ಯಾರೂ ಎತ್ತುವುದಿಲ್ಲ.

ಕಿವುಡರಲ್ಲಿ ಸುದ್ದಿ ಕಾಳ್ಗಿಚ್ಚಿಗಿಂತ ಜೋರು. ಮಂಗಳವಾರ ಬೆಳಗಿನ ಐದೂವರೆಗೆ, ಬಟ್ಟೆಯ ಗಾಡಿಗಳು ಬಂದು ನಿಲ್ಲುವ ಹಿಂಬಾಗಿಲಲ್ಲಿ ಬಡಗಿ ನಿಂತಿದ್ದಾರೆ. ಹಬೆ ಅವರ ಸುತ್ತ ಸುತ್ತಿಕೊಂಡು ಹೊರಗಿನ ತಣ್ಣನೆ ಗಾಳಿಗೆ ಕರಗುತ್ತಿದೆ. ಅಕ್ಕ ಕೈಯಲ್ಲಿದ್ದ ಶೀಟನ್ನು ಮಡಿಸದೆ ಹಾಗೇ ಮೇಜಿನ ಮೇಲೆ ಬಿಟ್ಟು ಹೋಗುತ್ತಾರೆ. ಅಲ್ಲಿ ನಡೆದ ಮಾತನ್ನು ಆಮೇಲೆ ಅವರೇ ಬಾಯಲ್ಲಿ ಹೇಳಿದರು.

"ಏನಂದ್ರು?" ಎಂದು ಕೇಳಿತು ಬಡಗಿಯ ಕೈ.

"ಗೊತ್ತಿಲ್ಲ ಅಂದ್ರು."

"ಯಾರು, ಪಾಸ್ಟರ್ರಾ? ಎಲ್ಲರ ಮುಂದೆ?"

"ಎಲ್ಲರ ಮುಂದೆ. ಮೆಟ್ಟಿಲ ಮೇಲೆ ಕೂತ್ಕೊಂಡು."

ಬಡಗಿ ಆ ಉತ್ತರವನ್ನು, ಹಲಗೆ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವವರಂತೆ, ತುಂಬ ಹೊತ್ತು ನೋಡಿದರು. ಆಮೇಲೆ ದೂರೊಂದನ್ನು ಎತ್ತಿದರು. "ನನ್ನ ಮುಖ ಸರಿಯಾಗಿ ಮಾಡ್ಲಿಲ್ವಂತೆ ನೀನು. ತುಂಬಾ ಕೋಪದಲ್ಲಿ ಹೇಳಿದ್ಯಂತೆ, ಟೈಪಿಸ್ಟ್ ಅಂದ್ರು. ನನಗೆ ಅವತ್ತು ಕೋಪ ಇರ್ಲಿಲ್ಲ. ಸುಸ್ತಾಗಿತ್ತು."

"ಹೌದಾ? ಹಾಗಾದ್ರೆ ಈ ಭಾನುವಾರ ತಿದ್ದಿ ಹೇಳ್ತೀನಿ ಅಣ್ಣ."

"ಬೇಡ. ನೀನು ಇನ್ನೂ ಕೆಡಿಸ್ತೀಯ. ನಾನೇ ಬಂದು ಹೇಳ್ತೀನಿ."

ಅಕ್ಕ ಮೇಜಿಗೆ ವಾಪಸು ಬಂದಾಗ ಮೂವತ್ತು ಶೀಟು ಗುಡ್ಡೆಯಾಗಿವೆ. ಮೇಲ್ವಿಚಾರಕ ಗಡಿಯಾರ ತೋರಿಸುತ್ತಾನೆ. ಅಕ್ಕ ಕಣ್ಣೊರೆಸಿಕೊಂಡು, ಹಬೆ ಹಬೆ ಎಂದು ಯಾರಿಗೋ ಸಮಜಾಯಿಷಿ ಹೇಳುತ್ತಾ, ಎರಡು ತುದಿ ಹಿಡಿದು ಮಡಿಸತೊಡಗುತ್ತಾರೆ. ಚರ್ಚಿನವರು ನಿಮ್ಮ ಹೆಸರು ವರದಿಯಲ್ಲಿ ಹಾಕಬೇಕೆಂದು ಆಸೆಯಿಲ್ಲವೇ ಎಂದು ಕೇಳಿದರೆ, ಬೇಡವೇ ಬೇಡ ಎನ್ನುತ್ತಾರೆ. ಬೇಕಾದ್ದು ಬೇರೆ ಏನಾದರೂ ಇದೆಯೇ?

"ಇನ್ನೊಬ್ರು ಯಾರಾದ್ರೂ ಕಲೀಬೇಕು ಇದನ್ನ. ನನ್ನ ಮೊಣಕೈ ನೋಯೋಕೆ ಶುರುವಾಗಿದೆ. ಅಷ್ಟು ಬಿಟ್ರೆ..." ಶೀಟು ಎಂಟಾಗಿ ಕೂರುತ್ತದೆ. ಅಕ್ಕ ಅದರ ಮೇಲೆ ಎರಡೂ ಅಂಗೈ ಒತ್ತಿ ಗಾಳಿ ಹೊರಡಿಸುತ್ತಾರೆ. "ಯಾರ ಮಾತೂ ನನ್ನ ಹತ್ರ ಉಳ್ಕೊಂಡಿಲ್ಲ ಇವತ್ತು. ಏಳು ವಾರ ಆದ್ಮೇಲೆ ಮೊನ್ನೆ ಗಂಟಲಲ್ಲಿ ಏನೂ ಸಿಕ್ಕಿಕೊಳ್ಳದೆ ಊಟ ಮಾಡ್ದೆ."